ಟರ್ಮಿನಲ್‌ನಲ್ಲಿ ನೀವು ಯಾರು? ಪ್ರಾಂಪ್ಟ್ ಓದುವುದರಿಂದ ಖಾತೆ ಮುಚ್ಚುವವರೆಗೆ

ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆದ ಕೂಡಲೇ ಕಾಣುವುದು ಇಂಥದೊಂದು ಸಾಲು:

ಶರಣು@ತೊಗರಿ:~/ಪಟ್ಟಿ$

ಕಮಾಂಡ್ ಕಲಿಯಲು ಕೂತವರು ಪ್ರಾಂಪ್ಟ್ ಎಂಬ ಈ ಸಾಲನ್ನು ಓದುವುದೇ ಅಪರೂಪ. ಕಣ್ಣು ನೇರವಾಗಿ ಕೊನೆಗೆ, ಮಿಣುಕುವ ಕರ್ಸರ್ ಕಡೆಗೇ ಓಡುತ್ತದೆ. ನಾನು ಕಂಡ ಅನಾಹುತಗಳಲ್ಲಿ ಹೆಚ್ಚಿನವು ಕಮಾಂಡ್ ಸರಿಯಾಗಿಯೇ ಇದ್ದು ಆದಂಥವು. ಯಾರ ಹೆಸರಿನಲ್ಲಿ ಹೊಡೆದರೋ ಆ ಹೆಸರು ತಪ್ಪು, ಇಲ್ಲವೇ ನಿಂತ ಫೋಲ್ಡರ್ ತಪ್ಪು, ಇಲ್ಲವೇ ಯಂತ್ರವೇ ಬೇರೆ. ಈ ಮೂರನ್ನೂ ಪ್ರಾಂಪ್ಟ್ ಮುಂಚೆಯೇ ಬರೆದು ತೋರಿಸಿರುತ್ತದೆ.

ಕಲಬುರಗಿಯ ನೆಹರು ಗಂಜ್‌ನಲ್ಲಿ ಅಡತ್ ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಉದಾಹರಣೆಯೂ ಅಲ್ಲಿಯದೇ ಇರಲಿ. ಒಂದು ಅಂಗಡಿ, ಒಂದೇ ಡೆಸ್ಕ್‌ಟಾಪ್, ಅದರಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಉಬುಂಟು. ಯಂತ್ರದ ಹೆಸರು ತೊಗರಿ. ವ್ಯವಹಾರ ನೋಡುವವನು ಸಾವ್ಕಾರರ ಮಗ ಶರಣು. ಲೆಕ್ಕ ಬರೆಯುವವರು ಮುನೀಮರು. ತೊಗರಿ ಸುಗ್ಗಿಯಲ್ಲಿ ಮಾತ್ರ ರೈತರಿಗೆ ಕೊಡುವ ಲೆಕ್ಕದ ಪಟ್ಟಿ ಟೈಪ್ ಮಾಡಲು ಬರುವ ಹುಡುಗ ಭೀಮು. ಈ ಮೂವರಿಗೂ ಬೇರೆ ಬೇರೆ ಖಾತೆ ಮಾಡಿಕೊಟ್ಟು, ಅದನ್ನು ನಡೆಸಿ, ಸುಗ್ಗಿ ಮುಗಿದ ಮೇಲೆ ಭೀಮುವಿನ ಖಾತೆ ಸರಿಯಾಗಿ ಮುಚ್ಚುವವರೆಗೆ ಹೋಗೋಣ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಯಂತ್ರದಲ್ಲಿ ಹೊಡೆಯುವಾಗ ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ. ದೊಡ್ಡಕ್ಷರ ಬೇಕಾದ ಕಡೆ ಅಲ್ಲಲ್ಲೇ ಹೇಳಿದ್ದೇನೆ. ಕಾಗುಣಿತ ಗೊಂದಲವಾಗುವ ಕಡೆ ಅಕ್ಷರ ಬಿಡಿಸಿಯೂ ಕೊಟ್ಟಿದ್ದೇನೆ.

ಅಭ್ಯಾಸಕ್ಕೆ ಲಿನಕ್ಸ್ ಯಂತ್ರವೇ ಬೇಕೆಂದಿಲ್ಲ. ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ ಹಾಕಿಕೊಂಡು ಅದರೊಳಗೆ ಉಬುಂಟು ಇಳಿಸಿಕೊಳ್ಳಿ. ಇಲ್ಲಿ ಹೇಳಿರುವುದರಲ್ಲಿ ಬಹುಪಾಲು ಅಲ್ಲಿ ನಡೆಯುತ್ತದೆ. ಬರೀ ಫೋನ್ ಇರುವ ವಿದ್ಯಾರ್ಥಿಗಳು ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಹಾಕಿಕೊಳ್ಳುತ್ತಾರೆ. ಅದರಲ್ಲಿ ಪ್ರಾಂಪ್ಟ್, ಫೋಲ್ಡರ್ ಎಲ್ಲ ಕಲಿಯಬಹುದು, ಆದರೆ ಹೊಸ ಬಳಕೆದಾರನನ್ನು ಸೇರಿಸಲು ಬರುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಪ್ರತಿಯೊಂದು ಆ್ಯಪ್‌ಗೂ ಲಿನಕ್ಸ್ ಒಂದೊಂದು ಬಳಕೆದಾರ ಸಂಖ್ಯೆ ಕೊಟ್ಟಿರುತ್ತದೆ. ಟರ್ಮಕ್ಸ್ ಒಳಗೆ ನೀವೂ ಅಂಥ ಒಂದು ಸಂಖ್ಯೆ, ಅಷ್ಟೇ.

ಹಂತ 1: ಸಾಲನ್ನು ಬಿಡಿಸಿ ಓದಿ

@ ಚಿಹ್ನೆಯ ಎಡಕ್ಕೆ ಬಳಕೆದಾರನ ಹೆಸರು, ಬಲಕ್ಕೆ ಯಂತ್ರದ ಹೆಸರು. ಕೋಲನ್ ಆದ ಮೇಲೆ ನೀವು ನಿಂತಿರುವ ಫೋಲ್ಡರ್. ಅಲ್ಲಿರುವ ~ ಎಂದರೆ ನಿಮ್ಮ ಮನೆ ಫೋಲ್ಡರ್, ಅಂದರೆ ಶರಣುವಿಗೆ /ಹೋಮ್/ಶರಣು. ಕೊನೆಯ $ ಎಂದರೆ ನೀವು ಸಾಮಾನ್ಯ ಬಳಕೆದಾರ. ಆ ಜಾಗದಲ್ಲಿ # ಬಂದರೆ ನೀವು ರೂಟ್, ಯಂತ್ರದಲ್ಲಿ ಏನು ಬೇಕಾದರೂ ಅಳಿಸಬಲ್ಲವರು.

ಈ ಚಿಹ್ನೆಗಳಿಗೆ ವಯಸ್ಸಾಗಿದೆ. 1979ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ ಏಳನೇ ಆವೃತ್ತಿ ಹೊರಬಂದಾಗ ಅದರಲ್ಲಿ ಸ್ಟೀಫನ್ ಬೋರ್ನ್ ಬರೆದ ಶೆಲ್, ಅಂದರೆ ಟೈಪ್ ಮಾಡಿದ ಕಮಾಂಡನ್ನು ಓದಿ ನಡೆಸುವ ತಂತ್ರಾಂಶ, ಇತ್ತು. ಅದರ ಪ್ರಾಂಪ್ಟ್ $. ಇವತ್ತು ಲಿನಕ್ಸ್‌ನಲ್ಲಿ ಹೆಚ್ಚಾಗಿ ಕಾಣುವ ಬ್ಯಾಶ್ ಅದೇ ವಂಶದ್ದು, 1989ರಲ್ಲಿ ಬ್ರಯಾನ್ ಫಾಕ್ಸ್ ಬರೆದದ್ದು. ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದ ಸಿ ಶೆಲ್ % ಬಳಸಿತು, ಝಡ್-ಶೆಲ್ ಸಹ % ಅನ್ನೇ ಬಳಸುತ್ತದೆ. ಆ್ಯಪಲ್ 2019ರ ಮ್ಯಾಕ್ ಆವೃತ್ತಿ ಕ್ಯಾಟಲೀನಾದಿಂದ ಝಡ್-ಶೆಲ್ ಅನ್ನೇ ಮೂಲ ಶೆಲ್ ಮಾಡಿಕೊಂಡಿತು. ಹಾಗಾಗಿ ಮ್ಯಾಕ್‌ನಲ್ಲಿ ಕೊನೆಗೆ % ಕಂಡರೆ ಗಾಬರಿ ಬೇಡ, ನಮ್ಮ $ ಇದ್ದ ಹಾಗೆಯೇ ಅದು. ರೂಟ್ ಆದರೆ ಅಲ್ಲೂ # ಬರುತ್ತದೆ.

ರೆಡ್‌ಹ್ಯಾಟ್, ಹಳೆಯ ಫೆಡೋರಾದಂಥ ಬೇರೆ ಬಗೆಯ ಲಿನಕ್ಸ್‌ಗಳಲ್ಲಿ ಸಾಲು ಚೌಕ ಆವರಣದೊಳಗೆ ಬರುತ್ತದೆ:

[ಶರಣು@ತೊಗರಿ ಪಟ್ಟಿ]$

ಇಲ್ಲಿ ಫೋಲ್ಡರಿನ ಕೊನೆಯ ಹೆಸರು ಮಾತ್ರ ಇರುತ್ತದೆ. ಪಟ್ಟಿ ಎಂಬ ಹೆಸರಿನ ಫೋಲ್ಡರ್ ಎರಡು ಕಡೆ ಇದ್ದರೆ ಯಾವುದರಲ್ಲಿ ಇದ್ದೀರಿ ಎಂದು ಇದರಿಂದ ತಿಳಿಯುವುದಿಲ್ಲ. ಏನನ್ನಾದರೂ ಅಳಿಸುವ ಮುಂಚೆ ಪಿಡಬ್ಲ್ಯುಡಿ ಹೊಡೆದು ಪೂರ್ತಿ ದಾರಿ ನೋಡಿಕೊಳ್ಳಿ.

ಹೆಸರಿಲ್ಲ, ಫೋಲ್ಡರಿಲ್ಲ, ಬರೀ ಒಂಟಿ $ ಬಂದು ನಿಂತಿದೆಯೇ? ಬಾಣದ ಕೀಲಿ ಒತ್ತಿದರೆ ಹಳೆಯ ಕಮಾಂಡ್ ಬರುವ ಬದಲು ^[[ಎ ಎಂಬ ಕಸ ಬೀಳುತ್ತದೆಯೇ? ಹಾಗಿದ್ದರೆ ಆ ಖಾತೆಗೆ ಬ್ಯಾಶ್ ಬದಲು ಸರಳವಾದ ಎಸ್ಎಚ್ ಶೆಲ್ ಸಿಕ್ಕಿದೆ. ಇದು ಹೇಗಾಗುತ್ತದೆ ಎಂದು ಹಂತ 5ರಲ್ಲಿ ಬರುತ್ತದೆ.

ಇನ್ನೊಂದು ಗೊಂದಲ: ಎಂಟರ್ ಒತ್ತಿದ ಮೇಲೆ ಪ್ರಾಂಪ್ಟ್ ಬದಲು ಒಂದು > ಬಂದು ಕೂರುತ್ತದೆ. ಎಲ್ಲೋ ಒಂದು ಉದ್ಧರಣ ಚಿಹ್ನೆ ತೆರೆದು ಮುಚ್ಚಿಲ್ಲ, ಉಳಿದದ್ದು ಹೇಳಿ ಎಂದು ಶೆಲ್ ಕಾಯುತ್ತಿದೆ. ಅದಕ್ಕೆ ಮತ್ತೆ ಮತ್ತೆ ಎಂಟರ್ ಹೊಡೆದು ಫಲವಿಲ್ಲ. ಕಂಟ್ರೋಲ್ ಹಿಡಿದು ಸಿ ಒತ್ತಿ, ಹೊರಗೆ ಬನ್ನಿ.

ಹುಡುಗರು ಬಂದು ಹೇಳುವ ದೂರು ಒಂದಿದೆ: “ಸರ, ಕಮಾಂಡ್ ಹೊಡದ್ರ ಏನೂ ಆಗವಲ್ದು ನೋಡ್ರಿ. ತಪ್ಪೂ ತೋರ್ಸವಲ್ದು.” ಪರದೆ ನೋಡಿದರೆ ಯಾವುದೋ ಪಾಠದಿಂದ ಸಾಲನ್ನು ಪ್ರಾಂಪ್ಟ್ ಚಿಹ್ನೆ ಸಮೇತ ನಕಲು ಮಾಡಿ ಅಂಟಿಸಿರುತ್ತಾರೆ. ಪಾಠದಲ್ಲಿ ಸಾಲಿನ ಮುಂದೆ # ಇತ್ತು, ಅಂದರೆ ‘ಇದನ್ನು ರೂಟ್ ಆಗಿ ಹೊಡೆಯಿರಿ’ ಎಂಬ ಸೂಚನೆ. ಬ್ಯಾಶ್‌ಗೆ ಮಾತ್ರ # ಎಂದರೆ ಟಿಪ್ಪಣಿ. ಅಲ್ಲಿಂದ ಸಾಲಿನ ಕೊನೆಯವರೆಗೆ ಏನನ್ನೂ ಓದುವುದಿಲ್ಲ. ಅದಕ್ಕೇ ಮೌನ. $ ಸಮೇತ ಅಂಟಿಸಿದರೆ ಮೌನ ಇರುವುದಿಲ್ಲ, $ ಎಂಬ ಕಮಾಂಡ್ ಸಿಗಲಿಲ್ಲ ಎಂದು ಬೈಯುತ್ತದೆ. ಎರಡಕ್ಕೂ ಮದ್ದು ಒಂದೇ, ಚಿಹ್ನೆ ಬಿಟ್ಟು ಉಳಿದದ್ದು ಹೊಡೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಕಮಾಂಡ್ ಆದರೆ ಇನ್ನೂ ಎಚ್ಚರ. ಕಳಿಸಿದವರ ಕೀಬೋರ್ಡ್ ಎರಡು ಸಣ್ಣ ಗೆರೆಗಳನ್ನು ಸೇರಿಸಿ ಒಂದು ಉದ್ದ ಗೆರೆ ಮಾಡಿರಬಹುದು, ನೇರ ಉದ್ಧರಣ ಚಿಹ್ನೆಯನ್ನು ಬಾಗಿಸಿರಬಹುದು. ಕಣ್ಣಿಗೆ ವ್ಯತ್ಯಾಸ ಕಾಣದು, ಶೆಲ್‌ಗೆ ಅರ್ಥವಾಗದು.

ಹಂತ 2: ಅನುಮಾನ ಬಂದರೆ ಕೇಳಿ

ಪ್ರಾಂಪ್ಟ್ ಕೊನೆಗೂ ಒಂದು ಬರಹ. ಪಿಎಸ್1 ಎಂಬ ವೇರಿಯಬಲ್‌ನಲ್ಲಿ ಏನಿದೆಯೋ ಅದನ್ನು ಶೆಲ್ ಪ್ರತಿ ಸಲ ಮುದ್ರಿಸುತ್ತದೆ. ಆ ವೇರಿಯಬಲ್‌ಗೆ ‘ರೂಟ್#’ ಎಂದು ನೀವೇ ಬರೆದುಕೊಂಡರೆ ಪ್ರಾಂಪ್ಟ್ ಹಾಗೇ ತೋರಿಸುತ್ತದೆ, ಅಧಿಕಾರ ಮಾತ್ರ ಒಂದು ಕಾಳಷ್ಟೂ ಹೆಚ್ಚುವುದಿಲ್ಲ. ಬೇರೆಯವರು ಸಿಂಗಾರ ಮಾಡಿಟ್ಟ ಪ್ರಾಂಪ್ಟ್ ಇದ್ದರೆ ನಂಬಬೇಡಿ, ನೇರ ಕೇಳಿ:

ಹೂಆಮ್‌ಐ

ಅಕ್ಷರ ಬಿಡಿಸಿ ಹೇಳಿದರೆ ಡಬ್ಲ್ಯು-ಎಚ್-ಓ-ಎ-ಎಮ್-ಐ, ನಡುವೆ ಜಾಗ ಇಲ್ಲ. ಇದು ಹೆಸರು ಮಾತ್ರ ಹೇಳುತ್ತದೆ. ಯಂತ್ರದ ಹೆಸರು ಬೇಕಾದರೆ ಹೋಸ್ಟ್‌ನೇಮ್. ಯಾರು ಯಾರು ಒಳಗಿದ್ದಾರೆ ಎಂದು ನೋಡಲು ಹೂ, ಡಬ್ಲ್ಯು-ಎಚ್-ಓ. ಆದರೆ ನನಗೆ ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಎರಡೇ ಅಕ್ಷರದ ಐಡಿ:

ಶರಣು@ತೊಗರಿ:~$ ಐಡಿ
ಯುಐಡಿ=1000(ಶರಣು) ಜಿಐಡಿ=1000(ಶರಣು) ಗ್ರೂಪ್ಸ್=1000(ಶರಣು),4(ಎಡಿಎಮ್),27(ಸುಡೊ)

ಹೆಸರು, ಸಂಖ್ಯೆ, ಸೇರಿರುವ ಗುಂಪುಗಳು, ಮೂರೂ ಒಂದೇ ಸಾಲಿನಲ್ಲಿ. ಕೊನೆಯಲ್ಲಿರುವ 27(ಸುಡೊ) ನೋಡಿ. ಉಬುಂಟುದಲ್ಲಿ ಈ ಗುಂಪಿನಲ್ಲಿರುವವನೇ ರೂಟ್ ಅಧಿಕಾರ ಎರವಲು ಪಡೆಯಬಲ್ಲ. ಫೆಡೋರಾ, ರೆಡ್‌ಹ್ಯಾಟ್‌ಗಳಲ್ಲಿ ಇದೇ ಕೆಲಸದ ಗುಂಪಿಗೆ ವೀಲ್ ಎಂದು ಹೆಸರು.

ಯಂತ್ರದ ಹೆಸರಿನ ವಿಷಯದಲ್ಲಿ ಒಂದು ಮಾತು. ಅಂಗಡಿ ಯಂತ್ರದಿಂದ, ದೂರದ ಯಂತ್ರದೊಳಗೆ ಹೋಗಲು ಬಳಸುವ ಎಸ್ಎಸ್‌ಎಚ್ ಮೂಲಕ ಗೋದಾಮಿನ ಯಂತ್ರಕ್ಕೆ ಹೋದಿರಿ ಎಂದಿಟ್ಟುಕೊಳ್ಳಿ. ಎರಡು ಕಿಟಕಿ, ಎರಡೂ ಕಪ್ಪು, ಎರಡರಲ್ಲೂ ಶರಣು. ಬೇರೆಯಾಗಿರುವುದು @ ಆದ ಮೇಲಿನ ಪದ ಮಾತ್ರ. ಶಟ್‌ಡೌನ್ ಹೊಡೆಯುವ ಮುಂಚೆ ಆ ಪದ ಓದದಿದ್ದರೆ ಗೋದಾಮಿಗೆ ನಡೆದುಹೋಗಿ ಬಟನ್ ಒತ್ತಬೇಕಾಗುತ್ತದೆ, ಅದೂ ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ. ಹೊಸ ಯಂತ್ರಕ್ಕೆ ಹೆಸರಿಡುವಾಗ ಪಿಸಿ1, ಪಿಸಿ2 ಎಂದು ಇಡದೆ ಕಣ್ಣಿಗೆ ಬೇರೆಯಾಗಿ ಕಾಣುವ ಹೆಸರಿಡಿ.

ಹಂತ 3: ಹೆಸರಿನ ಹಿಂದಿನ ಸಂಖ್ಯೆ

ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಶರಣು ಯಾರೋ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು 1000. ಡಿಸ್ಕಿನ ಮೇಲೆ ಪ್ರತಿ ಕಡತದ ಜೊತೆ ಬರೆದಿಟ್ಟಿರುವುದೂ ಸಂಖ್ಯೆಯೇ. ಹೆಸರು ನಮ್ಮ ಅನುಕೂಲಕ್ಕೆ. ಹೆಸರನ್ನೂ ಸಂಖ್ಯೆಯನ್ನೂ ಜೋಡಿಸುವ ಪುಸ್ತಕ /ಇಟಿಸಿ/ಪಾಸ್‌ಡಬ್ಲ್ಯುಡಿ. ಯಾರು ಬೇಕಾದರೂ ಓದಬಹುದು:

ಕ್ಯಾಟ್ /ಇಟಿಸಿ/ಪಾಸ್‌ಡಬ್ಲ್ಯುಡಿ

ಶರಣುವಿನ ಸಾಲು ಹೀಗಿರುತ್ತದೆ:

ಶರಣು:ಎಕ್ಸ್:1000:1000:ಶರಣು,,,:/ಹೋಮ್/ಶರಣು:/ಬಿನ್/ಬ್ಯಾಶ್

ಕೋಲನ್‌ಗಳ ನಡುವೆ ಏಳು ಕಲಂ: ಹೆಸರು, ಪಾಸ್‌ವರ್ಡಿನ ಜಾಗ, ಬಳಕೆದಾರ ಸಂಖ್ಯೆ, ಗುಂಪಿನ ಸಂಖ್ಯೆ, ಪೂರ್ಣ ಹೆಸರು ಮುಂತಾದ ವಿವರ, ಮನೆ ಫೋಲ್ಡರ್, ಶೆಲ್. ಎರಡನೇ ಕಲಮಿನ ಎಕ್ಸ್ ಎಂದರೆ ಪಾಸ್‌ವರ್ಡ್ ಇಲ್ಲಿಲ್ಲ ಎಂದು. ಅದರ ಹ್ಯಾಶ್, ಅಂದರೆ ಮರಳಿ ಬಿಡಿಸಲಾಗದಂತೆ ಕಲಸಿದ ರೂಪ, ಇರುವುದು /ಇಟಿಸಿ/ಶ್ಯಾಡೊ ಕಡತದಲ್ಲಿ, ಅದನ್ನು ಸಾಮಾನ್ಯ ಬಳಕೆದಾರ ತೆರೆಯಲಾರ. ಹಿಂದೆ ಹ್ಯಾಶ್ ಕೂಡ ಎಲ್ಲರಿಗೂ ಕಾಣುವ ಇದೇ ಕಡತದಲ್ಲಿರುತ್ತಿತ್ತು. ಎಲ್ಲರೂ ಓದಬಲ್ಲ ಹ್ಯಾಶ್ ಮೇಲೆ ಊಹಿಸಿ ಊಹಿಸಿ ಪಾಸ್‌ವರ್ಡ್ ಕಂಡುಹಿಡಿಯುವುದು ಸುಲಭವಾದ್ದರಿಂದ ಬೇರೆ ಕಡತಕ್ಕೆ ಸಾಗಿಸಿದರು.

ಕಡತ ತೆರೆದಾಗ ಮೂರೇ ಜನ ಇರುವ ಯಂತ್ರದಲ್ಲಿ ಹತ್ತಾರು ಹೆಸರು ಕಂಡು ‘ಯಾರೋ ನುಗ್ಗಿದ್ದಾರೆ’ ಎಂದು ಹೆದರುವವರು ಇದ್ದಾರೆ. ಅವು ಮನುಷ್ಯರ ಖಾತೆಗಳಲ್ಲ. 0 ರೂಟ್‌ನದು. 1ರಿಂದ 999ರವರೆಗೆ ವ್ಯವಸ್ಥೆಯ ಕೆಲಸಗಳಿಗೆ ಇಟ್ಟದ್ದು; ವೆಬ್ ಸರ್ವರಿನ ಖಾತೆ ಉಬುಂಟುದಲ್ಲಿ 33. ಮನುಷ್ಯರ ಲೆಕ್ಕ 1000ದಿಂದ ಶುರು, ಮ್ಯಾಕ್‌ನಲ್ಲಿ 501ರಿಂದ. 65534 ಸಂಖ್ಯೆಯ ನೋಬಡಿ ಎಂಬವನೂ ಇರುತ್ತಾನೆ, ಅವನಿಗೆ ಯಾವ ಅಧಿಕಾರವೂ ಇಲ್ಲ. ವ್ಯವಸ್ಥೆಯ ಖಾತೆಗಳ ಕೊನೆಯ ಕಲಂನಲ್ಲಿ ಸಾಮಾನ್ಯವಾಗಿ ನೋಲಾಗಿನ್ ಎಂದಿರುತ್ತದೆ, ಅಂದರೆ ಆ ಹೆಸರಿನಲ್ಲಿ ಒಳಬಂದು ಕೂರಲು ಶೆಲ್ ಸಿಗುವುದಿಲ್ಲ. ನೀವು ಪರೀಕ್ಷಿಸಬೇಕಾದದ್ದು ಬೇರೆ: ರೂಟ್ ಬಿಟ್ಟು ಇನ್ನಾವ ಹೆಸರಿನ ಮೂರನೇ ಕಲಂನಲ್ಲಾದರೂ 0 ಇದೆಯೇ? ಇದ್ದರೆ ಅವನ ಹೆಸರು ಏನೇ ಇರಲಿ, ಅವನು ರೂಟೇ.

ಹಂತ 4: ರೂಟ್ ಆಗಬೇಡಿ, ರೂಟ್ ಕೆಲಸ ಮಾಡಿಸಿ

ತಿಜೋರಿಯ ಕೀಲಿ ಸಾವ್ಕಾರರ ಸೊಂಟದಲ್ಲಿರುತ್ತದೆ, ಬೇಕಾದಾಗ ತೆಗೆದು ಮುಚ್ಚುತ್ತಾರೆ. ತಿಜೋರಿ ಬಾಗಿಲು ತೆರೆದಿಟ್ಟು ದಿನವಿಡೀ ವ್ಯಾಪಾರ ಮಾಡುವುದಿಲ್ಲ. ಸುಡೊ ಇರುವುದು ಅದಕ್ಕೇ. ಒಂದು ಸಾಲಿನ ಕೆಲಸಕ್ಕೆ ರೂಟ್ ಅಧಿಕಾರ, ಮುಗಿದ ಕೂಡಲೇ ಮತ್ತೆ ನೀವು ನೀವೇ. 1980ರ ಆಸುಪಾಸಿನಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಷೆಲ್, ಕ್ಲಿಫ್ ಸ್ಪೆನ್ಸರ್ ಇಬ್ಬರು ಇದನ್ನು ಬರೆದರು. ಉಬುಂಟು 2004ರಲ್ಲಿ ಬಂದಾಗಲೇ ರೂಟ್‌ನ ಪಾಸ್‌ವರ್ಡ್ ಮುಚ್ಚಿ ಸುಡೊ ಒಂದನ್ನೇ ದಾರಿ ಮಾಡಿತು.

ಸುಡೊ ಎಪಿಟಿ ಅಪ್‌ಡೇಟ್

ಇದು ತಂತ್ರಾಂಶಗಳ ಪಟ್ಟಿಯನ್ನು ಹೊಸದಾಗಿಸುವ ಕಮಾಂಡ್. ಹೀಗೆ ಹೊಡೆದರೆ ಪಾಸ್‌ವರ್ಡ್ ಕೇಳುತ್ತದೆ. ಕೇಳುವುದು ನಿಮ್ಮದೇ ಪಾಸ್‌ವರ್ಡ್, ರೂಟ್‌ನದಲ್ಲ. ಟೈಪ್ ಮಾಡುವಾಗ ಸಾಮಾನ್ಯವಾಗಿ ಚುಕ್ಕೆಯೂ ಕಾಣುವುದಿಲ್ಲ, ನಕ್ಷತ್ರವೂ ಕಾಣುವುದಿಲ್ಲ. “ಏನೂ ಬೀಳವಲ್ದಲ್ಲೋ ತಮ್ಮಾ, ಕೀಬೋರ್ಡ್ ಕೆಟ್ಟದ ಏನು?” ಎಂದು ಮುನೀಮರು ಕೇಳಿದರೆ “ಕೆಟ್ಟಿಲ್ರಿ ಕಾಕಾ, ಹಂಗೇ ಹೊಡೀರಿ, ಒಳಗ ಬೀಳ್ತದ” ಎನ್ನುವುದಷ್ಟೇ ಉತ್ತರ. ಒಮ್ಮೆ ಕೊಟ್ಟ ಮೇಲೆ ಉಬುಂಟುದಲ್ಲಿ ಅದೇ ಟರ್ಮಿನಲ್‌ನಲ್ಲಿ 15 ನಿಮಿಷ ಮತ್ತೆ ಕೇಳುವುದಿಲ್ಲ. ಚಹಾ ಕುಡಿಯಲು ಎದ್ದು ಹೋಗುವಾಗ ಸುಡೊ -ಕೆ ಹೊಡೆದು ಹೋಗಿ, ಆ ಅವಧಿ ಅಲ್ಲಿಗೇ ರದ್ದಾಗುತ್ತದೆ.

ಇನ್ನೊಬ್ಬ ಬಳಕೆದಾರನಾಗಲು ಇರುವ ಎಸ್‌ಯು ಕಮಾಂಡ್ ಬೇರೆ. ಅದು ನೀವು ಯಾರಾಗಬೇಕೋ ಅವರ ಪಾಸ್‌ವರ್ಡ್ ಕೇಳುತ್ತದೆ. ಉಬುಂಟುದಲ್ಲಿ ರೂಟ್‌ಗೆ ಪಾಸ್‌ವರ್ಡೇ ಇಲ್ಲದ್ದರಿಂದ ಬರೀ ಎಸ್‌ಯು ಹೊಡೆದು ಏನು ಕೊಟ್ಟರೂ ಒಪ್ಪುವುದಿಲ್ಲ. ಉಬುಂಟುವಿನ ಮೂಲವಾದ ಡೆಬಿಯನ್‌ನಲ್ಲಿ ರೂಟ್ ಪಾಸ್‌ವರ್ಡ್ ಇಟ್ಟಿದ್ದರೆ ಒಪ್ಪುತ್ತದೆ. ಆದರೆ 2019ರ ಡೆಬಿಯನ್ 10ರಿಂದ ಈಚೆಗೆ ಬರೀ ಎಸ್‌ಯು ಎಂದರೆ ಕಮಾಂಡ್‌ಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ಹೇಳುವ ನಿಮ್ಮ ಹಳೆಯ ಪಾತ್ ವೇರಿಯಬಲ್ ಹಾಗೇ ಉಳಿಯುತ್ತದೆ. # ಬಂದಿರುತ್ತದೆ, ಆದರೂ ಆ್ಯಡ್‌ಯೂಸರ್ ಕಮಾಂಡ್ ಸಿಗಲಿಲ್ಲ ಎನ್ನುತ್ತದೆ. ಎಸ್‌ಯು ಆದ ಮೇಲೆ ಒಂದು ಜಾಗ, ಒಂದು ಸಣ್ಣ ಗೆರೆ ಸೇರಿಸಿ. ಆಗ ರೂಟ್‌ನ ಪೂರ್ತಿ ಪರಿಸರ ಸಿಗುತ್ತದೆ. ಸುಡೊದಲ್ಲಿ ಇದಕ್ಕೆ ಸಮನಾದದ್ದು ಸುಡೊ -ಐ. ಸಾಲು ಸಾಲು ರೂಟ್ ಕೆಲಸ ಇದ್ದರೆ ಮಾತ್ರ ಅದನ್ನು ಬಳಸಿ. ಮುಗಿದ ತಕ್ಷಣ ಎಕ್ಸಿಟ್ ಹೊಡೆದು # ಹೋಗಿ $ ಬಂತೇ ಎಂದು ನೋಡಿ.

ಸುಡೊ ಇದ್ದರೂ ಅನುಮತಿ ಇಲ್ಲ ಎನ್ನುವ ಸಂದರ್ಭ ಒಂದಿದೆ, ಇದರಲ್ಲಿ ಕಲಿತವರೂ ಎಡವುತ್ತಾರೆ:

ಸುಡೊ ಎಕೊ "ಹೊಸ ಸಾಲು" > /ಇಟಿಸಿ/ಹೋಸ್ಟ್ಸ್

ಎಕೊ ಬರಹವನ್ನು ಮುದ್ರಿಸುತ್ತದೆ, ಬರಹದ ನಂತರದ ಚಿಹ್ನೆ ಅದನ್ನು ಕಡತಕ್ಕೆ ತಿರುಗಿಸುತ್ತದೆ. ಇಲ್ಲಿ ಎಕೊ ರೂಟ್ ಆಗಿ ಓಡುತ್ತದೆ ನಿಜ. ಆದರೆ > ಮಾಡಿ ಕಡತ ತೆರೆಯುವುದು ನಿಮ್ಮ ಶೆಲ್, ಅದೂ ಸುಡೊ ಶುರುವಾಗುವ ಮುಂಚೆಯೇ. ಆ ಶೆಲ್ ಇನ್ನೂ ಶರಣು. ಬರೆಯುವ ಕೆಲಸವನ್ನೂ ರೂಟ್‌ಗೇ ಒಪ್ಪಿಸಬೇಕು, ಅದಕ್ಕೆ ಟೀ ಎಂಬ ಕಮಾಂಡ್ ಇದೆ:

ಎಕೊ "ಹೊಸ ಸಾಲು" | ಸುಡೊ ಟೀ -ಎ /ಇಟಿಸಿ/ಹೋಸ್ಟ್ಸ್

-ಎ ಎಂದರೆ ಇದ್ದದ್ದರ ಕೊನೆಗೆ ಸೇರಿಸು. ಅದನ್ನು ಬಿಟ್ಟರೆ ಹಳೆಯದೆಲ್ಲ ಹೋಗಿ ಒಂದೇ ಸಾಲು ಉಳಿಯುತ್ತದೆ. ಹಾಗೆಯೇ ಸುಡೊ ಸಿಡಿ ಎಂಬುದೂ ನಡೆಯದು, ಫೋಲ್ಡರ್ ಬದಲಿಸುವ ಸಿಡಿ ಎಂಬುದು ಶೆಲ್‌ನ ಒಳಗೇ ಇರುವ ಕೆಲಸ.

ಹಂತ 5: ಖಾತೆ ತೆರೆಯುವುದು

ಸುಡೊ ಆ್ಯಡ್‌ಯೂಸರ್ ಮುನೀಮ

ಆ್ಯಡ್ ಮೊದಲು, ಯೂಸರ್ ಆಮೇಲೆ. ಇದು ಪಾಸ್‌ವರ್ಡ್ ಎರಡು ಸಲ ಕೇಳುತ್ತದೆ, ಆಮೇಲೆ ಪೂರ್ಣ ಹೆಸರು, ಕೋಣೆ ಸಂಖ್ಯೆ, ಕಚೇರಿ ಫೋನ್ ಎಂದೆಲ್ಲ ಕೇಳುತ್ತದೆ. ಗಂಜ್ ಅಂಗಡಿಗೆ ಕೋಣೆ ಸಂಖ್ಯೆ ಎಲ್ಲಿಂದ ಬರಬೇಕು. ಎಂಟರ್ ಒತ್ತುತ್ತಾ ಹೋಗಿ, ಕೊನೆಗೆ ವೈ. ಲಾಗಿನ್ ಹೆಸರು ಇಂಗ್ಲಿಷ್ ಸಣ್ಣಕ್ಷರದಿಂದ ಶುರುವಾಗಬೇಕು, ನಡುವೆ ಜಾಗ ಇರಬಾರದು.

ಯೂಸರ್‌ಆ್ಯಡ್ ಎಂಬ ತಿರುಗುಮುರುಗು ಹೆಸರಿನ ಇನ್ನೊಂದು ಕಮಾಂಡ್ ಇದೆ. ಅದು ಏನೂ ಕೇಳುವುದಿಲ್ಲ. ಉಬುಂಟು, ಡೆಬಿಯನ್‌ಗಳಲ್ಲಿ -ಎಮ್ ಕೊಡದಿದ್ದರೆ ಮನೆ ಫೋಲ್ಡರನ್ನೂ ಮಾಡುವುದಿಲ್ಲ, ಶೆಲ್ ಎಂದು ಎಸ್ಎಚ್ ಕೊಡುತ್ತದೆ. ಹಂತ 1ರ ಒಂಟಿ $ ಹುಟ್ಟುವುದು ಇಲ್ಲಿಂದ. ಸರಿಪಡಿಸಲು:

ಸುಡೊ ಯೂಸರ್‌ಮಾಡ್ -ಎಸ್ /ಬಿನ್/ಬ್ಯಾಶ್ ಮುನೀಮ

ಭೀಮುವಿನ ಖಾತೆಯನ್ನೂ ಹೀಗೇ ತೆರೆಯಿರಿ. ಪಾಸ್‌ವರ್ಡ್ ನೀವು ಇಟ್ಟಿರುತ್ತೀರಿ, ಅದು ನಿಮಗೆ ಗೊತ್ತಿರುವುದು ಸರಿಯಲ್ಲ. ಸುಡೊ ಪಾಸ್‌ಡಬ್ಲ್ಯುಡಿ -ಇ ಭೀಮು ಎಂದು ಹೊಡೆದುಬಿಟ್ಟರೆ ಮೊದಲ ಸಲ ಒಳಬರುವಾಗ ಅವನೇ ಹೊಸದು ಇಟ್ಟುಕೊಳ್ಳಬೇಕಾಗುತ್ತದೆ. ಈ ಕಮಾಂಡಿನ ಕಾಗುಣಿತ ಪಿ-ಎ-ಎಸ್-ಎಸ್-ಡಬ್ಲ್ಯು-ಡಿ, ನಡುವಿನ ಓ-ಆರ್ ಇಲ್ಲ.

ಭೀಮು ಸುಗ್ಗಿಗೆ ಮಾತ್ರ ಬಂದವನು. ಹೋಗುವ ದಿನ ನೆನಪಿಟ್ಟು ಖಾತೆ ಮುಚ್ಚುವವರು ಯಾರೂ ಇಲ್ಲ, ಅದನ್ನು ತೆರೆಯುವ ದಿನವೇ ಬರೆದಿಡಿ:

ಸುಡೊ ಸಿಎಚ್‌ಏಜ್ -ಇ 2027-04-01 ಭೀಮು

ಕಾಗುಣಿತ ಸಿ-ಎಚ್-ಎ-ಜಿ-ಇ, ಗೆರೆಯ ನಂತರದ ಇ ದೊಡ್ಡಕ್ಷರ. ಏಪ್ರಿಲ್ 1ರಿಂದ ಅವನಿಗೆ ಪ್ರವೇಶ ಇಲ್ಲ. ಸರಿಯಾಗಿ ಕೂತಿತೇ ಎಂದು ನೋಡಲು ಸುಡೊ ಸಿಎಚ್‌ಏಜ್ -ಎಲ್ ಭೀಮು, ಇಲ್ಲಿ ಎಲ್ ಸಣ್ಣದು.

ಹಂತ 6: ಗುಂಪು ಮತ್ತು ಹಂಚಿಕೆಯ ಫೋಲ್ಡರ್

ಉಬುಂಟು 21.04ರಿಂದ ಈಚೆಗೆ ಒಬ್ಬರ ಮನೆ ಫೋಲ್ಡರನ್ನು ಇನ್ನೊಬ್ಬರು ಇಣುಕಿ ನೋಡಲಾರರು, ಹೊಸ ಮನೆ ಫೋಲ್ಡರಿನ ಅನುಮತಿ 750. ಒಳ್ಳೆಯದೇ. ಆದರೆ ಪಟ್ಟಿಗಳನ್ನು ಮೂವರೂ ನೋಡಬೇಕು. ಅದಕ್ಕೆ ಒಂದು ಗುಂಪು, ಒಂದು ಸಾಮಾನ್ಯ ಜಾಗ:

ಸುಡೊ ಗ್ರೂಪ್‌ಆ್ಯಡ್ ಅಂಗಡಿ
ಸುಡೊ ಎಮ್‌ಕೆಡಿಐಆರ್ /ಎಸ್ಆರ್‌ವಿ/ಪಟ್ಟಿ
ಸುಡೊ ಸಿಎಚ್‌ಜಿಆರ್‌ಪಿ ಅಂಗಡಿ /ಎಸ್ಆರ್‌ವಿ/ಪಟ್ಟಿ
ಸುಡೊ ಸಿಎಚ್‌ಮಾಡ್ 2770 /ಎಸ್ಆರ್‌ವಿ/ಪಟ್ಟಿ

770 ಎಂದರೆ ಒಡೆಯನಿಗೂ ಗುಂಪಿಗೂ ಪೂರ್ತಿ ಅನುಮತಿ, ಹೊರಗಿನವರಿಗೆ ಸೊನ್ನೆ. ಮುಂದಿರುವ 2 ಬಿಡಬೇಡಿ. ಅದರಿಂದಾಗಿ ಒಳಗೆ ಯಾರೇ ಹೊಸ ಕಡತ ಮಾಡಿದರೂ ಅದರ ಗುಂಪು ‘ಅಂಗಡಿ’ ಆಗುತ್ತದೆ. ಅದಿಲ್ಲದಿದ್ದರೆ ಭೀಮು ಮಾಡಿದ ಕಡತ ಭೀಮುವಿನ ಸ್ವಂತ ಗುಂಪಿಗೇ ಉಳಿಯುತ್ತದೆ. ಇಷ್ಟಾದರೂ ಮುನೀಮರು ಓದಬಲ್ಲರು, ತಿದ್ದಲಾರರು ಎಂದಾದರೆ ಭೀಮುವಿನ ಯುಮಾಸ್ಕ್, ಅಂದರೆ ಹೊಸ ಕಡತಕ್ಕೆ ಯಾವ ಅನುಮತಿ ಕೊಡಬಾರದು ಎಂದು ಹೇಳುವ ಸಂಖ್ಯೆ, ನೋಡಿ. 022 ಇದ್ದರೆ ಗುಂಪಿಗೆ ಬರೆಯುವ ಅನುಮತಿ ಸಿಗದು, 002 ಬೇಕು.

ಈಗ ಜನರನ್ನು ಸೇರಿಸಬೇಕು, ಇಲ್ಲಿ ಅಪಾಯ ಇದೆ:

ಸುಡೊ ಯೂಸರ್‌ಮಾಡ್ -ಎಜಿ ಅಂಗಡಿ ಶರಣು

ಎ ಸಣ್ಣದು, ಜಿ ದೊಡ್ಡದು. ಎ ಎಂದರೆ ಸೇರಿಸು. ಅದನ್ನು ಮರೆತು ಬರೀ -ಜಿ ಹೊಡೆದರೆ ‘ಇವನು ಈ ಗುಂಪಿನಲ್ಲಿ ಮಾತ್ರ ಇರಲಿ’ ಎಂದು ಅರ್ಥ. ಶರಣು ಸುಡೊ ಗುಂಪಿನಿಂದ ಹೊರಬೀಳುತ್ತಾನೆ. ಯಂತ್ರದಲ್ಲಿ ಸುಡೊ ಇರುವವನು ಅವನೊಬ್ಬನೇ ಆಗಿದ್ದರೆ, ಮರಳಿ ಸೇರಿಸಲು ಬೇಕಾದ ಸುಡೊವೇ ಹೋಯಿತು. ಅದಕ್ಕೇ ನಾನು ಉಬುಂಟುದಲ್ಲಿ ಈ ಕಮಾಂಡ್ ಬಳಸುವುದನ್ನೇ ಬಿಟ್ಟು, ಇದನ್ನು ಹೊಡೆಯುತ್ತೇನೆ:

ಸುಡೊ ಆ್ಯಡ್‌ಯೂಸರ್ ಮುನೀಮ ಅಂಗಡಿ

ಮೊದಲು ಬಳಕೆದಾರ, ಆಮೇಲೆ ಗುಂಪು. ತೆಗೆಯುವ ಗುಣವೇ ಇದಕ್ಕಿಲ್ಲ. ಭೀಮುವಿಗೂ ಹೀಗೇ.

ಸೇರಿಸಿದ ಮೇಲೂ “ಪರ್ಮಿಷನ್ ಇಲ್ಲ ಅಂತದ” ಎಂದರೆ ಎರಡು ಕಮಾಂಡ್ ಹೊಡೆಸಿ: ಬರೀ ಐಡಿ, ಆಮೇಲೆ ಐಡಿ ಮುನೀಮ. ಎರಡನೆಯದರಲ್ಲಿ ಅಂಗಡಿ ಗುಂಪು ಇದ್ದು ಮೊದಲನೆಯದರಲ್ಲಿ ಇಲ್ಲದಿದ್ದರೆ ವಿಷಯ ಗೊತ್ತಾಯಿತು. ಹೆಸರು ಕೊಟ್ಟಾಗ ಐಡಿ ಪುಸ್ತಕ ತೆರೆದು ನೋಡುತ್ತದೆ. ಹೆಸರು ಕೊಡದಿದ್ದರೆ ಈಗ ಓಡುತ್ತಿರುವ ಶೆಲ್‌ಗೆ ಯಾವ ಗುಂಪು ಸಿಕ್ಕಿದೆಯೋ ಅದನ್ನು ಹೇಳುತ್ತದೆ. ಗುಂಪುಗಳು ಶೆಲ್‌ಗೆ ಸಿಗುವುದು ಒಳಬರುವ ಹೊತ್ತಿಗೆ ಮಾತ್ರ. ಟರ್ಮಿನಲ್ ಮುಚ್ಚಿ ತೆರೆದರೆ ಸಾಲದು, ಪೂರ್ತಿ ಲಾಗ್ಔಟ್ ಆಗಿ ಬರಬೇಕು.

ಮುನೀಮರಿಗೆ ಸುಡೊ ಕೊಡಬೇಕೇ? ನನ್ನ ಉತ್ತರ ಬೇಡ ಎಂದೇ. ಆದರೆ ಸಂತೆ ದಿನ ಪ್ರಿಂಟರ್ ನಿಂತರೆ ಪಟ್ಟಿಗಾಗಿ ರೈತರು ಕಾಯುತ್ತಾ ನಿಲ್ಲುತ್ತಾರೆ, ಶರಣು ಇರುವುದಿಲ್ಲ. ಕಪ್ಸ್ ಎಂಬ ಪ್ರಿಂಟರ್ ಸೇವೆ ಮರುಚಾಲೂ ಮಾಡುವ ಒಂದು ಕೆಲಸಕ್ಕಷ್ಟೇ ಅನುಮತಿ ಕೊಡಬಹುದು. ಸುಡೊ ವಿಸುಡೊ -ಎಫ್ /ಇಟಿಸಿ/ಸುಡೋಯರ್ಸ್.ಡಿ/ಮುನೀಮ ಎಂದು ತೆರೆದು ಒಂದು ಸಾಲು ಬರೆಯಿರಿ. ‘ಆಲ್’ ಎಂಬುದು ಮೂರೂ ಅಕ್ಷರ ದೊಡ್ಡದು:

ಮುನೀಮ ಆಲ್=(ರೂಟ್) /ಯುಎಸ್ಆರ್/ಬಿನ್/ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಕಪ್ಸ್

ವಿಸುಡೊ ಬಿಟ್ಟು ಬೇರೆ ಎಡಿಟರ್‌ನಲ್ಲಿ ತೆರೆಯಬೇಡಿ. ವಿಸುಡೊ ಉಳಿಸುವ ಮುಂಚೆ ವ್ಯಾಕರಣ ಪರೀಕ್ಷಿಸುತ್ತದೆ. ‘ಒಂದೇ ಕಡತ ತಿದ್ದಲಿ’ ಎಂದು ವಿಮ್‌ನಂಥ ಎಡಿಟರ್‌ಗೆ ಸುಡೊ ಅನುಮತಿ ಕೊಡುವುದು ಪೂರ್ತಿ ರೂಟ್ ಕೊಟ್ಟಂತೆಯೇ, ಏಕೆಂದರೆ ಅದರ ಒಳಗಿನಿಂದಲೇ ಶೆಲ್ ತೆರೆಯಬಹುದು, ಆ ಶೆಲ್ ರೂಟ್‌ನದಾಗಿರುತ್ತದೆ.

ಹಂತ 7: ಪಾಸ್‌ವರ್ಡ್ ಮರೆತರೆ

ಸುಡೊ ಇರುವ ಒಬ್ಬರಿದ್ದರೆ ಒಂದೇ ಸಾಲಿನ ಕೆಲಸ: ಸುಡೊ ಪಾಸ್‌ಡಬ್ಲ್ಯುಡಿ ಮುನೀಮ. ಹಳೆಯದನ್ನು ಕೇಳುವುದಿಲ್ಲ. ಡಬ್ಲ್ಯುಎಸ್ಎಲ್‌ನಲ್ಲಾದರೆ ವಿಂಡೋಸ್ ಕಡೆಯಿಂದ ಡಬ್ಲ್ಯುಎಸ್ಎಲ್ -ಯು ರೂಟ್ ಎಂದು ಒಳಹೊಕ್ಕು ಬದಲಿಸಿ.

ಮರೆತವನು ಶರಣುವೇ ಆಗಿದ್ದರೆ ಯಂತ್ರ ಮರುಚಾಲೂ ಮಾಡಿ, ಶಿಫ್ಟ್ ಇಲ್ಲವೇ ಎಸ್ಕೇಪ್ ಒತ್ತಿ ಯಂತ್ರ ಶುರುವಾಗುವಾಗ ಬರುವ ಗ್ರಬ್ ಎಂಬ ಆಯ್ಕೆಗಳ ಪಟ್ಟಿ ತೆರೆಯಿರಿ. ಮುಂದುವರಿದ ಆಯ್ಕೆಗಳಲ್ಲಿ ರಿಕವರಿ ಮೋಡ್, ಅದರಲ್ಲಿ ರೂಟ್ ಶೆಲ್. # ಬರುತ್ತದೆ. ಡಿಸ್ಕ್ ಓದಲು ಮಾತ್ರ ತೆರೆದಿರಬಹುದಾದ್ದರಿಂದ ಮೊದಲು ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯು / ಹೊಡೆದು ಆಮೇಲೆ ಪಾಸ್‌ಡಬ್ಲ್ಯುಡಿ ಶರಣು. ಎ ಮರೆತು ಸುಡೊ ಗುಂಪಿನಿಂದ ಬಿದ್ದವರಿಗೂ ಇದೇ ದಾರಿ; ಇಲ್ಲಿ ಆ್ಯಡ್‌ಯೂಸರ್ ಶರಣು ಸುಡೊ ಎಂದರೆ ಮರಳಿ ಸೇರುತ್ತಾನೆ. ಯಂತ್ರದ ಮುಂದೆ ಕೂರಲು ಅವಕಾಶ ಸಿಕ್ಕ ಯಾರು ಬೇಕಾದರೂ ಇದನ್ನೇ ಮಾಡಬಹುದು ಎಂಬುದೂ ಇದರಿಂದ ಗೊತ್ತಾಗುತ್ತದೆ. ಅದು ಬೇಡವೆಂದರೆ ಉಬುಂಟು ಹಾಕುವಾಗಲೇ ಡಿಸ್ಕ್ ಎನ್‌ಕ್ರಿಪ್ಷನ್ ಆರಿಸಿಕೊಳ್ಳಬೇಕು.

ಹಂತ 8: ಖಾತೆ ಮುಚ್ಚುವುದು

ಸುಗ್ಗಿ ಮುಗಿಯಿತು, ಭೀಮು ಊರಿಗೆ ಹೋದ. ಬಹಳ ಜನ ಈ ದಿನವೇ ಖಾತೆ ಅಳಿಸುತ್ತಾರೆ. ಅವಸರ ಮಾಡಬೇಡಿ.

ಸುಡೊ ಪಾಸ್‌ಡಬ್ಲ್ಯುಡಿ -ಎಲ್ ಭೀಮು ಎಂದರೆ ಪಾಸ್‌ವರ್ಡಿಗೆ ಮಾತ್ರ ಬೀಗ. ಶ್ಯಾಡೊ ಕಡತದಲ್ಲಿ ಅವನ ಹ್ಯಾಶ್‌ನ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಕೂರುತ್ತದೆ, ಅಷ್ಟೇ. ಪಾಸ್‌ವರ್ಡ್ ಬದಲು ಕೆಲಸ ಮಾಡುವ ಎಸ್ಎಸ್‌ಎಚ್ ಕೀಲಿ ಇಟ್ಟುಕೊಂಡಿದ್ದರೆ ಅವನು ಅದರಿಂದ ಒಳಬರಬಲ್ಲ. ಪೂರ್ತಿ ಮುಚ್ಚಲು ಸುಡೊ ಸಿಎಚ್‌ಏಜ್ -ಇ 0 ಭೀಮು, ಇ ಮತ್ತೆ ದೊಡ್ಡಕ್ಷರ. ಮುಂದಿನ ವರ್ಷ ಅವನೇ ಬರುವುದಿದ್ದರೆ ಇಷ್ಟು ಸಾಕು. ಬಂದಾಗ 0 ಜಾಗಕ್ಕೆ ಹೊಸ ತಾರೀಖು ಕೊಡಿ.

ಅಳಿಸಲೇಬೇಕೆಂದರೆ ಮೊದಲು ಹೂ ಹೊಡೆದು ಅವನ ಹೆಸರಿನಲ್ಲಿ ಯಾವ ಟರ್ಮಿನಲ್ಲೂ ತೆರೆದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ:

ಸುಡೊ ಡೆಲ್‌ಯೂಸರ್ ಭೀಮು

ಈಗ ಹಂತ 3ಕ್ಕೆ ಹಿಂತಿರುಗಿ. ಪುಸ್ತಕದಿಂದ ಹೋದದ್ದು ಭೀಮು ಎಂಬ ಸಾಲು. ಡಿಸ್ಕಿನ ಕಡತಗಳ ಮೇಲೆ ಬರೆದಿರುವ 1002 ಎಂಬ ಸಂಖ್ಯೆ ಎಲ್ಲಿಗೂ ಹೋಗಿಲ್ಲ. ಎಲ್ಎಸ್ -ಎಲ್ /ಎಸ್ಆರ್‌ವಿ/ಪಟ್ಟಿ ಹೊಡೆದು ನೋಡಿ:

-ಆರ್‌ಡಬ್ಲ್ಯು-ಆರ್‌ಡಬ್ಲ್ಯು-ಆರ್-- 1 ಮುನೀಮ ಅಂಗಡಿ 20480 ಜನವರಿ-ಪಟ್ಟಿ
-ಆರ್‌ಡಬ್ಲ್ಯು-ಆರ್‌ಡಬ್ಲ್ಯು-ಆರ್-- 1 1002 ಅಂಗಡಿ 18432 ಫೆಬ್ರವರಿ-ಪಟ್ಟಿ

ಹೆಸರಿನ ಜಾಗದಲ್ಲಿ ಬರೀ ಸಂಖ್ಯೆ. ಮುಂದಿನ ಸುಗ್ಗಿಗೆ ಬೇರೆ ಹುಡುಗ ಬಂದ, ಅವನಿಗೆ ಆ್ಯಡ್‌ಯೂಸರ್ ಹೊಡೆದಿರಿ. ಆ್ಯಡ್‌ಯೂಸರ್ ಖಾಲಿ ಇರುವ ಮೊದಲ ಸಂಖ್ಯೆ ಹುಡುಕುತ್ತದೆ, 1002 ಖಾಲಿ ಇದೆ, ಅದನ್ನೇ ಕೊಡುತ್ತದೆ. ಆ ಕ್ಷಣದಿಂದ ಭೀಮುವಿನ ಕಡತಗಳೆಲ್ಲ ಹೊಸ ಹುಡುಗನ ಹೆಸರಿಗೆ. ಯಾರೂ ಯಾವ ಕಮಾಂಡ್ ಹೊಡೆಯದೆ ಒಡೆತನ ಬದಲಾಗಿರುತ್ತದೆ. ಕಳೆದ ವರ್ಷದ ಪಟ್ಟಿ ಯಾರು ಮಾಡಿದ್ದು ಎಂದು ತಗಾದೆ ಬಂದರೆ ಯಂತ್ರ ತೋರಿಸುವುದು ಈ ವರ್ಷ ಬಂದವನನ್ನು. ಲಿನಕ್ಸ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಬ್ಯಾಕಪ್ ಡಿಸ್ಕನ್ನು ಮನೆಯ ಯಂತ್ರಕ್ಕೆ ಹಾಕಿದಾಗ ಮುನೀಮರ ಕಡತ ಮನೆಯವರ ಹೆಸರಿನಲ್ಲಿ ಕಾಣುವುದಕ್ಕೂ ಇದೇ ಕಾರಣ. ಇಲ್ಲಿ 1001 ಒಬ್ಬರು, ಅಲ್ಲಿ 1001 ಇನ್ನೊಬ್ಬರು.

ಆದ್ದರಿಂದ ಅಳಿಸುವ ಮುಂಚೆಯೇ ಅವನ ಕಡತಗಳನ್ನು ಉಳಿಯುವವರ ಹೆಸರಿಗೆ ಮಾಡಿ:

ಸುಡೊ ಫೈಂಡ್ /ಎಸ್ಆರ್‌ವಿ/ಪಟ್ಟಿ -ಯೂಸರ್ ಭೀಮು -ಎಕ್ಸೆಕ್ ಸಿಎಚ್‌ಓನ್ ಮುನೀಮ {} +

/ಹೋಮ್/ಭೀಮು ಒಳಗೆ ಬೇಕಾದದ್ದಿದ್ದರೆ ಪಟ್ಟಿ ಫೋಲ್ಡರಿಗೆ ನಕಲು ಮಾಡಿಕೊಂಡು, ಆಮೇಲೆ ಡೆಲ್‌ಯೂಸರ್‌ಗೆ --ರಿಮೂವ್-ಹೋಮ್ ಸೇರಿಸಿ ಅಳಿಸಿ. ಈಗಾಗಲೇ ಅಳಿಸಿಬಿಟ್ಟಿದ್ದರೆ ಒಡೆಯನಿಲ್ಲದ ಕಡತಗಳನ್ನು ಹುಡುಕುವ ದಾರಿ ಇದೆ:

ಸುಡೊ ಫೈಂಡ್ / -ಎಕ್ಸ್‌ಡೆವ್ -ನೋಯೂಸರ್

ಎಕ್ಸ್‌ಡೆವ್ ಇದ್ದರೆ ಬೇರೆ ಡಿಸ್ಕ್‌ಗಳಿಗೆ ಹೋಗದೆ ಈ ಒಂದರಲ್ಲೇ ಹುಡುಕುತ್ತದೆ. ಬಂದ ಕಡತಗಳಲ್ಲಿ ಬೇಕಾದವನ್ನು ಸಿಎಚ್‌ಓನ್‌ನಿಂದ ಮುನೀಮರಿಗೆ ಕೊಡಿ, ಬೇಡವಾದವನ್ನು ತೆಗೆಯಿರಿ. ಮತ್ತೊಮ್ಮೆ ಹೊಡೆದಾಗ ಏನೂ ಬರದೆ ಪ್ರಾಂಪ್ಟ್ ಮರಳಿದರೆ ಹೊಸ ಹುಡುಗನ ಖಾತೆ ತೆರೆಯಬಹುದು.